ಕುರ್ಚಿಗೆ ಅಂಟಿದ ಬೆನ್ನಿಗೆ ಐದು ಆಸನ

ಬೆಳಿಗ್ಗೆ ಸಿಲ್ಕ್ ಬೋರ್ಡ್ ಟ್ರಾಫಿಕ್, ಹಗಲೆಲ್ಲ ಆಫೀಸಿನ ಕುರ್ಚಿ, ಸಂಜೆ ಸೋಫಾ. ಹೀಗೆ ಕೂತೇ ದಿನ ಕಳೆಯುವವರ ತೊಡೆಯ ಹಿಂಭಾಗ ಬಿಗಿಯಾಗುತ್ತದೆ, ಪೃಷ್ಠದ ಸ್ನಾಯುಗಳು ಸೋಮಾರಿಯಾಗುತ್ತವೆ, ಭುಜ ಮುಂದಕ್ಕೆ ಬಾಗುತ್ತದೆ. ಇಂಥವರು ಯೋಗ ಶುರುಮಾಡಿದ ದಿನವೇ ಬಗ್ಗಿ ಕಾಲ್ಬೆರಳು ಮುಟ್ಟಲು ಹೋಗಿ ಸೊಂಟ ಹಿಡಿಸಿಕೊಳ್ಳುತ್ತಾರೆ. ತೊಡೆಯ ಹಿಂಭಾಗ ಬಿಡದಿದ್ದಾಗ ಸೊಂಟದ ಕೀಲು ಮಡಚುವುದಿಲ್ಲ. ಬಾಗುವ ಭಾರವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಕಾಲು ನೀಳ ಚಾಚಿ ಬಗ್ಗುವ ಆಸನಗಳನ್ನು ಮೊದಲ ತಿಂಗಳು ಮುಟ್ಟಲೇಬೇಡಿ. ಬೆನ್ನು, ಪೃಷ್ಠಗಳಿಗೆ ಬಲ ತುಂಬುವ ಈ ಐದು ಆಸನಗಳಿಗೆ ದಿನಕ್ಕೆ 20 ನಿಮಿಷ ಸಾಕು.

ಊಟವಾಗಿ 3–4 ಗಂಟೆ ಆಗಿರಬೇಕು; ಎರಡು ಇಡ್ಲಿ ತಿಂದಿದ್ದರೆ 2 ಗಂಟೆ ಬಿಡಿ. ನುಣುಪಾದ ಟೈಲ್ಸ್ ಮೇಲೆ ಹಾಸಿದ ಜಮಖಾನ ಜಾರುತ್ತದೆ. ನಿಂತು ಮಾಡುವುದಕ್ಕೆ ಬರಿನೆಲ, ಬರಿಗಾಲೇ ಕ್ಷೇಮ. ಮಲಗಿ ಮಾಡುವುದಕ್ಕೆ ಜಮಖಾನ ನಡೆಯುತ್ತದೆ. ಡಿಸೆಂಬರ್ ಚಳಿಯಲ್ಲಿ ಟೆರೇಸ್ ಮೇಲೆ ಮಾಡುವವರು ಮೊದಲು 5 ನಿಮಿಷ ಕೈಕಾಲು ಆಡಿಸಿ ಮೈ ಬೆಚ್ಚಗೆ ಮಾಡಿಕೊಳ್ಳಲಿ.

ತಾಡಾಸನ

ಸುಮ್ಮನೆ ನಿಲ್ಲುವುದು ತಾನೇ ಎಂದು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಉಳಿದ ನಾಲ್ಕಕ್ಕೂ ಇದೇ ಪಾಠ. ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಯನ್ನು ಗೋಡೆಯಿಂದ 2 ಇಂಚು ಮುಂದಿಟ್ಟು ನಿಲ್ಲಿ. ಪೃಷ್ಠ, ಹೆಗಲಮೂಳೆ, ತಲೆಯ ಹಿಂಭಾಗ ಗೋಡೆಗೆ ತಾಕಬೇಕು. ಗಲ್ಲ ಎತ್ತದೆ ತಲೆ ತಾಕದಿದ್ದರೆ ಕತ್ತು ಮುಂದಕ್ಕೆ ಚಾಚಿ ಕೂರುವ ಅಭ್ಯಾಸ ಬೇರೂರಿದೆ ಎಂದರ್ಥ. ಒತ್ತಾಯ ಬೇಡ, ಆಗುವಷ್ಟು ಹಿಂದೆ ಸರಿಸಿ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರರ ಮೇಲೂ ಭಾರ ಸಮನಾಗಿರಲಿ. ಉಸಿರು ತೆಗೆದುಕೊಳ್ಳುತ್ತಾ ಎರಡೂ ಕೈ ಮೇಲೆತ್ತಿ. ಆಗ ಪಕ್ಕೆಲುಬು ಮುಂದಕ್ಕೆ ಉಬ್ಬಿ ಸೊಂಟ ಒಳಗೆ ಕುಸಿಯುವುದೇ ಸಾಮಾನ್ಯ ತಪ್ಪು. ಹೊಟ್ಟೆಯನ್ನು ತುಸು ಒಳಗೆಳೆದರೆ ಸರಿಹೋಗುತ್ತದೆ. ಸಹಜವಾಗಿ ಉಸಿರಾಡುತ್ತಾ 30 ಸೆಕೆಂಡ್, ಮೂರು ಸಲ.

ವೃಕ್ಷಾಸನ

ಗೋಡೆ ಕೈಗೆಟುಕುವಂತಿರಲಿ. ಒಂದು ಪಾದವನ್ನು ಇನ್ನೊಂದು ಕಾಲಿನ ಮೀನಖಂಡಕ್ಕೋ ತೊಡೆಯ ಒಳಭಾಗಕ್ಕೋ ಒತ್ತಿ ನಿಲ್ಲಿ. ಮಂಡಿಯ ಮೇಲೆ ಮಾತ್ರ ಇಡಬೇಡಿ, ಕೀಲಿಗೆ ಪಕ್ಕದಿಂದ ಒತ್ತಡ ಬೀಳುತ್ತದೆ. ಕಣ್ಣಿನ ಮಟ್ಟದ ಒಂದೇ ಬಿಂದುವನ್ನು ನೋಡಿ. ಪ್ರತಿ ಕಾಲಿಗೂ 20 ಸೆಕೆಂಡ್. ಕಣಕಾಲು ಗಟ್ಟಿಯಾಗುತ್ತದೆ, ಸಮತೋಲ ಬರುತ್ತದೆ.

ಭುಜಂಗಾಸನ

ಹೆಚ್ಚು ಜನ ತಪ್ಪುವುದು ಇಲ್ಲೇ. ಬೋರಲು ಮಲಗಿ, ಅಂಗೈಗಳನ್ನು ಎದೆಯ ಪಕ್ಕ ಊರಿ, ಮೊಣಕೈ ಪಕ್ಕೆಗೆ ಹತ್ತಿರ ಇರಲಿ. ಉಸಿರು ಎಳೆಯುತ್ತಾ ಎದೆ ಎತ್ತಿ; ಹೊಕ್ಕುಳು ನೆಲ ಬಿಡಬಾರದು. ಈಗ ಅಂಗೈಯನ್ನು ಕೂದಲೆಳೆಯಷ್ಟು ಮೇಲೆತ್ತಿ ನೋಡಿ. ಎದೆ ಕೆಳಗೆ ಬಿದ್ದರೆ ಅಲ್ಲಿಯವರೆಗೆ ಎತ್ತಿದ್ದು ಕೈ, ಬೆನ್ನಲ್ಲ. ಎದೆ ನಿಂತಷ್ಟೇ ನಿಮ್ಮ ಎತ್ತರ. ಕೈ ನೆಟ್ಟಗಾಗುವಷ್ಟು ತಳ್ಳಿದರೆ ಬಾಗೆಲ್ಲ ಸೊಂಟದ ಒಂದೇ ಜಾಗದಲ್ಲಿ ಸೇರಿ ಚುಳುಕ್ ಎನ್ನುತ್ತದೆ. ಭುಜ ಕಿವಿಗೆ ಏರದಿರಲಿ, ಕತ್ತನ್ನು ಹಿಂದಕ್ಕೆ ಎಸೆಯಬೇಡಿ. 15 ಸೆಕೆಂಡ್, ಮೂರು ಸಲ. ಗೂನು ಹಿಡಿದ ಮೇಲ್ಬೆನ್ನಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಗರ್ಭಿಣಿಯರು, ಹರ್ನಿಯಾ ಇರುವವರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು ಮಾಡಬಾರದು.

ಸೇತುಬಂಧಾಸನ

ಅಂಗಾತ ಮಲಗಿ, ಮಂಡಿ ಮಡಚಿ, ಪಾದಗಳ ನಡುವೆ ಸೊಂಟದಗಲ ಅಂತರವಿಟ್ಟು ಪೃಷ್ಠ ಎತ್ತಿ. ತೊಡೆಯ ಹಿಂದೆ ಸೆಳೆತ ಹಿಡಿದರೆ ಪೃಷ್ಠ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಿರಿ. ಹಿಮ್ಮಡಿಗಳನ್ನು ಹತ್ತಿರಕ್ಕೆಳೆದುಕೊಂಡು ಪೃಷ್ಠ ಬಿಗಿಹಿಡಿಯಿರಿ. ಎತ್ತಿರುವಾಗ ಕತ್ತು ಹೊರಳಿಸಬೇಡಿ. ಪೃಷ್ಠ ಎತ್ತಿಹಿಡಿಯಲು ಆಗದವರು ತ್ರಿಕಾಸ್ಥಿಯ (ಸೊಂಟದ ಹಿಂಭಾಗದ ತ್ರಿಕೋನಾಕಾರದ ಮೂಳೆ) ಕೆಳಗೆ ಮರದ ಇಟ್ಟಿಗೆ ಇಟ್ಟುಕೊಳ್ಳಬಹುದು. ಹೀಗೆ ಆಸರೆ ಬಳಸುವ ಕ್ರಮವನ್ನು ಜಗತ್ತಿಗೆ ಪರಿಚಯಿಸಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್, ಆಸರೆ ತೆಗೆದುಕೊಳ್ಳಲು ಯಾರೂ ಸಂಕೋಚಪಡಬೇಕಿಲ್ಲ. ಬಿ.ಪಿ. ಹೆಚ್ಚಿರುವವರು ಡಾಕ್ಟರನ್ನು ಕೇಳಿ ಮಾಡಿ.

ಶವಾಸನ

ಅಂಗಾತ ಮಲಗಿ 5 ನಿಮಿಷ, ಫೋನ್ ಬೇರೆ ಕೋಣೆಯಲ್ಲಿ. ಸೊಂಟ ನೆಲಕ್ಕೆ ಒರಗದಿದ್ದರೆ ಮಂಡಿಯ ಕೆಳಗೆ ದಿಂಬು ಇಡಿ. ಏಳುವಾಗ ಬಲಕ್ಕೆ ಹೊರಳಿ, ಕೈ ಊರಿ ನಿಧಾನವಾಗಿ ಏಳಿ. ಥಟ್ಟನೆ ಎದ್ದರೆ ಕೆಲವರಿಗೆ ತಲೆ ಸುತ್ತುತ್ತದೆ.

ಮೊದಲ ವಾರ ಸ್ನಾಯು ಹಿಡಿದಂತಾಗುವುದು ಸಹಜ, ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ, ಕಾಲಿನುದ್ದಕ್ಕೂ ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.