ಒಂದು ಕ್ಲಿಕ್ಕಿಗೆ 27 ಕರೆ

ದೀಪಾವಳಿಗೆ ಊರಿಗೆ ಹೋಗುವವರ ನೂಕುನುಗ್ಗಲು. ಸಂಜೆ ಏಳಕ್ಕೆ ನಮ್ಮ ಬಸ್ ಟಿಕೆಟ್ ಸಿಸ್ಟಮ್ ಪೂರ್ತಿ ನಿಂತುಹೋಯಿತು. ಸೀಟು, ದರ, ಪಾವತಿ, ಎಸ್‌ಎಂಎಸ್ ಅಂತ ಅದನ್ನು ಬೇರೆ ಬೇರೆ ಸರ್ವಿಸ್‌ಗಳಾಗಿ ಒಡೆದವರಲ್ಲಿ ನಾನೂ ಒಬ್ಬ. ಒಂದು ಕೆಟ್ಟರೂ ಉಳಿದವು ನಡೆಯಲಿ ಅಂತಲೇ ಒಡೆದಿದ್ದು, ಅಲ್ವಾ? ಅವತ್ತು ತೊಂದರೆ ಇದ್ದದ್ದು ದರದ ಸರ್ವಿಸ್‌ನಲ್ಲಿ ಮಾತ್ರ. ಮಲಗಿದ್ದು ಎಲ್ಲವೂ.

ಅದು ಸತ್ತಿರಲೂ ಇಲ್ಲ, ನಿಧಾನವಾಗಿತ್ತು. ಪ್ರೋಸೆಸ್ ಸತ್ತಿದ್ದರೆ ತಕ್ಷಣ ಎರರ್ ಬರುತ್ತಿತ್ತು. ನಿಧಾನವಾದ ಸರ್ವಿಸ್ ತನ್ನನ್ನು ಕೇಳಲು ಬಂದವರನ್ನೂ ಹಿಡಿದು ಕೂರಿಸುತ್ತದೆ. ದರ ಕೇಳುತ್ತಿದ್ದ ಸೀಟಿನ ಸರ್ವಿಸ್ ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರ್ ಮೇಲಿತ್ತು, ಡೀಫಾಲ್ಟ್ 200 ಥ್ರೆಡ್, ಅಂದರೆ ಒಮ್ಮೆಗೆ 200 ಕೋರಿಕೆ ನೋಡಿಕೊಳ್ಳುವಷ್ಟು ಕೆಲಸಗಾರರು. ಥ್ರೆಡ್ ಡಂಪ್ (ಯಾವ ಥ್ರೆಡ್ ಏನು ಮಾಡುತ್ತಿದೆ ಅನ್ನುವ ಪಟ್ಟಿ) ತೆಗೆದು ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಒಂದೇ ಕಡೆ ನಿಂತಿದ್ದವು: ಸಾಕೆಟ್ ರೀಡ್, ಅಂದರೆ ದರದ ಸರ್ವಿಸ್‌ನ ಉತ್ತರಕ್ಕೆ ಕಾಯುತ್ತಾ. ಬೇರೆ ಸರ್ವಿಸ್‌ಗೆ ಕರೆ ಮಾಡುವ ಜಾವಾದ ಹಳೆಯ ಎಚ್‌ಟಿಟಿಪಿ ಕ್ಲೈಂಟ್‌ಗೆ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ಹೇಳದಿದ್ದರೆ ಅದು ಕಾಯುತ್ತಲೇ ಇರುತ್ತದೆ. ನಾವು ಹೇಳಿರಲಿಲ್ಲ.

ಗಡಿಬಿಡಿಯಲ್ಲಿ ಎರಡು ಸೆಕೆಂಡಿನ ಟೈಮ್‌ಔಟ್ ಹಾಕಿ ರೀಸ್ಟಾರ್ಟ್ ಮಾಡಿದೆ. ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಆಗಲೇ ಎರಡನೇ ತಪ್ಪು ಕಣ್ಣಿಗೆ ಬಿದ್ದಿದ್ದು. ಉತ್ತರ ಬರದಿದ್ದರೆ ಆ್ಯಪ್ ಒಟ್ಟು ಮೂರು ಸಲ ಕೇಳುತ್ತಿತ್ತು. ಆ್ಯಪ್‌ನ ಕರೆಗಳನ್ನು ಸರ್ವಿಸ್‌ಗಳಿಗೆ ಕಳಿಸುವ ಗೇಟ್‌ವೇ ಅದರಲ್ಲಿ ಒಂದೊಂದಕ್ಕೂ ಮೂರು ಸಲ, ಸೀಟಿನ ಸರ್ವಿಸ್ ಮತ್ತೆ ಮೂರು ಸಲ. ಗುಣಿಸಿ ನೋಡಿ: 27. ಮೂರು ತಂಡದವರೂ ಒಳ್ಳೆಯ ಮನಸ್ಸಿನಿಂದಲೇ ಬರೆದ ಕೋಡ್ ಅದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೊದಲೇ ಏದುಸಿರು ಬಿಡುತ್ತಿದ್ದ ಸರ್ವಿಸ್ ಮೇಲೆ ಒಂದು ಕ್ಲಿಕ್ಕಿಗೆ 27 ಏಟು.

ಪಾವತಿಗೂ ಇದೇ ರೀಟ್ರೈ (ಮತ್ತೆ ಮತ್ತೆ ಕೇಳುವುದು) ಇತ್ತು. ಶಿರಸಿಗೆ ಹೊರಟಿದ್ದ ಒಬ್ಬ ತಾಯಿಯ ಖಾತೆಯಿಂದ ಒಂದೇ ಟಿಕೆಟ್ಟಿಗೆ ಎರಡು ಸಲ ದುಡ್ಡು ಹೋಗಿತ್ತು. ಅವರ ಫೋನ್ ತೆಗೆದುಕೊಂಡವನು ನಾನೇ. ಆ ದನಿ ಇನ್ನೂ ನೆನಪಿದೆ.

ಆಮೇಲೆ ರೀಟ್ರೈ ಅನ್ನು ಗೇಟ್‌ವೇಯಲ್ಲಿ ಮಾತ್ರ ಉಳಿಸಿದೆವು, ಪ್ರತಿ ಸಲ ಅಂತರ ಹೆಚ್ಚಿಸಿ. ಪ್ರತಿ ಪಾವತಿಗೂ ಒಂದು ಕೀ, ಅಂದರೆ ಅದಕ್ಕೇ ಮೀಸಲಾದ ಗುರುತು: ಅದೇ ಕೀ ಮತ್ತೆ ಬಂದರೆ ಹಳೆಯ ಉತ್ತರವೇ ವಾಪಸ್. ಎಸ್‌ಎಂಎಸ್ ಕ್ಯೂಗೆ ಹೋಯಿತು, ಸರದಿ ಬಂದಾಗ ಹೋಗಲಿ ಅಂತ. ಟಿಕೆಟ್ ಅದಕ್ಕಾಗಿ ಸುಮ್ನೆ ಯಾಕೆ ಕಾಯಬೇಕು? ಸಾಲಾಗಿ ಕಾಯುವ ಐದು ಸರ್ವಿಸ್, ಒಂದೊಂದೂ 99.9% ಸರಿಯಿದ್ದರೂ ಒಟ್ಟು ಸುಮಾರು 99.5% ಅಷ್ಟೇ. ಅಂದರೆ ತಿಂಗಳಿಗೆ 43 ನಿಮಿಷದ ಜಾಗದಲ್ಲಿ ಮೂರೂವರೆ ಗಂಟೆ ಬಂದ್.

ದರದ ಸರ್ವಿಸ್ ನಿಧಾನವಾಗಿದ್ದು ಯಾಕೆ ಅಂದರೆ, ಕೋಡ್ ಒಡೆದಿದ್ದೆವು, ಡೇಟಾಬೇಸ್ ಒಂದೇ ಇತ್ತು. ಯಾರೋ ಓಡಿಸಿದ ರಿಪೋರ್ಟ್ ಎಲ್ಲರ ಟೇಬಲ್ ಹಿಡಿದು ಕೂತಿತ್ತು. ಆ ಡೇಟಾಬೇಸನ್ನು ಬೇರ್ಪಡಿಸಲು ಎಂಟು ತಿಂಗಳು ಹಿಡಿಯಿತು.