ಬ್ರೇಕ್ ತಡವಾಗಿ ಬಿದ್ದರೆ: ನ್ಯೂರಾನ್ ಜಾಲದ ಅಲುಗಾಟವನ್ನು ಲ್ಯಾಪ್‌ಟಾಪ್‌ನಲ್ಲೇ ನೋಡುವುದು ಹೇಗೆ

ಮೆದುಳಿನಲ್ಲಿ ಸಂಕೇತ ತಕ್ಷಣ ತಲುಪುತ್ತದೆ ಅಂತ ಅಂದುಕೊಂಡಿದ್ದೀರಾ? ಲೆಕ್ಕ ಹಾಕಿ. ಸೆಕೆಂಡಿಗೆ 10 ಮೀಟರ್ ವೇಗದ ನರತಂತು 10 ಸೆಂಟಿಮೀಟರ್ ದಾಟಲು 10 ಮಿಲಿಸೆಕೆಂಡ್ ಬೇಕು. ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇಲ್ಲದ ತಂತು ಇನ್ನೂ ನಿಧಾನ. ಈ ತಡದ ಆಟ ನೋಡಲು ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಸಾಕು.

ಮೊದಲು ನ್ಯೂರಾನ್‌ಗಳ ಒಂದೇ ಒಂದು ಗುಂಪು ತಗೊಳ್ಳಿ. ಅದರ ಚಟುವಟಿಕೆ ಒಂದು ಸಂಖ್ಯೆ. ಬಿಟ್ಟರೆ ಅದು 10 ಮಿಲಿಸೆಕೆಂಡ್ ಲೆಕ್ಕದಲ್ಲಿ (ಅಷ್ಟು ಹೊತ್ತಿಗೆ ಸುಮಾರು ಮೂರನೇ ಒಂದರಷ್ಟು ಉಳಿಯುವಂತೆ) ತಾನೇ ಸೊನ್ನೆಯತ್ತ ಇಳಿಯಬೇಕು, ಜೊತೆಗೆ ಸ್ವಲ್ಪ ಹೊತ್ತಿನ ಹಿಂದಿನ ತನ್ನದೇ ಬೆಲೆಯನ್ನು ಟ್ಯಾನ್‌ಎಚ್‌ಗೆ (ಯಾವ ಸಂಖ್ಯೆಯನ್ನೂ ಮೈನಸ್ 1 ಮತ್ತು 1ರ ನಡುವೆ ಹಿಡಿದಿಡುವ ಗಣಿತದ ಫಂಕ್ಷನ್) ಹಾಕಿ, ಕೊಂಡಿಯ ಬಲದಿಂದ ಗುಣಿಸಿ ಸೇರಿಸುತ್ತಾ ಹೋಗಬೇಕು. ಹೆಜ್ಜೆ 0.1 ಮಿಲಿಸೆಕೆಂಡ್ ಇಡಿ. ಆಗ 10 ಮಿಲಿಸೆಕೆಂಡ್ ತಡ ಅಂದರೆ ಪಟ್ಟಿಯಲ್ಲಿ 100 ಹೆಜ್ಜೆ ಹಿಂದೆ ನೋಡುವುದು, ಅಷ್ಟೇ. ಹಳೆಯ ಬೆಲೆಗಳಿಗೆಲ್ಲ 0.1 ತುಂಬಿ ಶುರು ಮಾಡಿ. ನಾನು ಸೊನ್ನೆ ತುಂಬಿ ಅರ್ಧ ದಿನ ನೆಟ್ಟಗಿನ ಗೆರೆ ನೋಡುತ್ತಾ ಕೂತಿದ್ದೆ!

ಈಗ ಬಲ ಮೈನಸ್ 2 ಕೊಡಿ. ಮೈನಸ್ ಅಂದರೆ ಬ್ರೇಕ್. ತಡ 5 ಮಿಲಿಸೆಕೆಂಡ್ ಇದ್ದಾಗ ಗೆರೆ ಸ್ವಲ್ಪ ಓಲಾಡಿ ಸುಮ್ಮನಾಗುತ್ತದೆ. 15ಕ್ಕೆ ಏರಿಸಿ, ನಿಲ್ಲುವುದೇ ಇಲ್ಲ. ಬ್ರೇಕ್ ಬೀಳುವಷ್ಟರಲ್ಲಿ ಚಟುವಟಿಕೆ ಆಗಲೇ ಇಳಿದಿರುತ್ತದೆ, ತಡವಾಗಿ ಬಂದ ಬ್ರೇಕ್ ಅದನ್ನು ಇನ್ನೂ ಕೆಳಗೆ ತಳ್ಳುತ್ತದೆ, ಮತ್ತೆ ಮೇಲೆ, ಮತ್ತೆ ಕೆಳಗೆ. ಗಡಿ ಸುಮಾರು 12.1 ಮಿಲಿಸೆಕೆಂಡ್, ಅಲ್ಲಿ ಸೆಕೆಂಡಿಗೆ 27-28 ಸಲ ಅಲುಗಾಟ, ಅಂದರೆ ಮೆದುಳಿನ ಬೀಟಾ ಅಲೆಗಳ ಆಸುಪಾಸು. ಆದರೆ ಬಲ ಮೈನಸ್ 0.8 ಮಾಡಿ ತಡ 100 ಕೊಟ್ಟು ನೋಡಿ, ಕೊನೆಗೆ ತಣ್ಣಗಾಗಿಯೇ ಆಗುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ, ತಪ್ಪು ಯಾರದು ಅಂತ ಗೊತ್ತಾಗಲ್ಲ.

ಜಾಲಕ್ಕೂ ಇದೇ ಲೆಕ್ಕ. 100 ಗುಂಪು, ಸಾಧ್ಯವಿರುವ ಕೊಂಡಿಗಳಲ್ಲಿ ನೂರಕ್ಕೆ ಹತ್ತು (ಅಂದರೆ ಒಂದು ಗುಂಪಿಗೆ ಸುಮಾರು 10), ಬಲಗಳ ಸರಾಸರಿ ಸೊನ್ನೆ. ಪರಿಸರ ವಿಜ್ಞಾನಿ ರಾಬರ್ಟ್ ಮೇ 1972ರಲ್ಲಿ ಹೇಳಿದ ಸೂತ್ರದಂತೆ, ಬಲಗಳ ಹರಡುವಿಕೆಯನ್ನು (ಸ್ಟ್ಯಾಂಡರ್ಡ್ ಡೀವಿಯೇಶನ್) ಆ 10ರ ವರ್ಗಮೂಲದಿಂದ ಗುಣಿಸಿದರೆ 1ರೊಳಗೆ ಇರಬೇಕು. 0.2 ಹರಡುವಿಕೆಗೆ ತೊಂದರೆಯಿಲ್ಲ. 0.5 ಇಟ್ಟರೆ ತಡವೇ ಇಲ್ಲದಿದ್ದರೂ ಕೈ ಮೀರುತ್ತದೆ. ಅನುಮಾನವಿದ್ದರೆ ಪೈಥಾನ್‌ನ ಗಣಿತದ ಲೈಬ್ರರಿ ನಂಪೈಯಲ್ಲಿ ಕೊಂಡಿ ಬಲಗಳ ಮ್ಯಾಟ್ರಿಕ್ಸ್‌ನ ಐಗನ್ ಬೆಲೆಗಳನ್ನು ತೆಗೆಯಿರಿ. ಎಲ್ಲದರ ಗಾತ್ರವೂ 1ಕ್ಕಿಂತ ಕಡಿಮೆ ಇದ್ದು, ಎಲ್ಲ ಕೊಂಡಿಗೂ ಒಂದೇ ತಡ ಇದ್ದರೆ, ಆ ತಡ ಎಷ್ಟೇ ಆಗಲಿ ಜಾಲ ನಿಲ್ಲುತ್ತದೆ.

ಅಲುಗಾಟ ಕಂಡ ಕೂಡಲೇ ಖುಷಿಪಡಬೇಡಿ. ಹೆಜ್ಜೆಯನ್ನು ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ. ಆಗಲೂ ಹಾಗೇ ಇದ್ದರೆ ಜಾಲದ್ದು, ಮಾಯವಾದರೆ ನಿಮ್ಮ ದೊಡ್ಡ ಹೆಜ್ಜೆಯದು.