ಎಚ್. ಜಿ. ವೆಲ್ಸ್‌ನನ್ನು ಓದುವ ಬಗೆ: ಜವಳಿ ಅಂಗಡಿಯ ಗಲ್ಲಾದ ಹಿಂದಿನಿಂದ

ದಾವಣಗೆರೆಯಲ್ಲಿ ನಮ್ಮದು ಅಪ್ಪನ ಕಾಲದ ಜವಳಿ ಅಂಗಡಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿಗಳು ಕಡಿಮೆ. ಇಂಗ್ಲಿಷ್ ಕಾದಂಬರಿಕಾರ ವೆಲ್ಸ್‌ನನ್ನು ನಾನು ಓದಿದ್ದು ಬಹುಪಾಲು ಆ ಹೊತ್ತಿನಲ್ಲೇ, ಗಲ್ಲಾಪೆಟ್ಟಿಗೆಯ ಪಕ್ಕ ಕೂತು. ತಂಗಿಯ ಮಗಳು 'ಎಲ್ಲಿಂದ ಶುರು ಮಾಡಲಿ?' ಎಂದು ಕೇಳಿದಾಗ ಒಂದು ಚೀಟಿ ಬರೆದುಕೊಟ್ಟಿದ್ದೆ. ಅದೇ ಬೆಳೆದು ಇಷ್ಟಾಗಿದೆ.

ಶುರು ಮಾಡುವ ಮುಂಚೆ ಒಂದು ಎಚ್ಚರಿಕೆ. ವೆಲ್ಸ್‌ನನ್ನು ಜ್ಯೋತಿಷಿಯ ಹಾಗೆ ಓದಬೇಡಿ. ಯುದ್ಧದ ಟ್ಯಾಂಕನ್ನು 1903ರಲ್ಲೇ ಕಥೆ ಮಾಡಿದ, ಅಣುಬಾಂಬಿನ ಹೆಸರನ್ನು 1914ರಲ್ಲೇ ಹೇಳಿದ ಎಂದು ಲೆಕ್ಕ ಇಡುತ್ತಾ ಹೋದರೆ ಎರಡನೇ ಪುಸ್ತಕಕ್ಕೇ ಬೇಜಾರಾಗುತ್ತದೆ. ಅಂಗಡಿ ಹುಡುಗ ಬರೆದದ್ದು ಎಂದುಕೊಂಡು ಓದಿ. ಅವನು ನಿಜಕ್ಕೂ ಅಂಗಡಿ ಹುಡುಗನೇ. 1866ರಲ್ಲಿ ಲಂಡನ್ ಹತ್ತಿರದ ಬ್ರೋಮ್ಲಿಯಲ್ಲಿ ಹುಟ್ಟಿದ. ಅಪ್ಪನದು ಎಂದೂ ಸರಿಯಾಗಿ ನಡೆಯದ ಪಿಂಗಾಣಿ ಅಂಗಡಿ, ಪಕ್ಕದಲ್ಲೇ ಕ್ರಿಕೆಟ್ ಸಾಮಾನಿನ ವ್ಯಾಪಾರ. (ಆ ಅಪ್ಪ 1862ರಲ್ಲಿ ಕೆಂಟ್ ತಂಡದ ಪರವಾಗಿ ಸತತ ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್ ಕಿತ್ತವನು. ವ್ಯಾಪಾರದಲ್ಲಿ ಮಾತ್ರ ಸೊನ್ನೆ.) ಮಗನನ್ನು ಸೌತ್‌ಸೀ ಎಂಬ ಊರಿನ ಬಟ್ಟೆ ಅಂಗಡಿಗೆ ಕೆಲಸ ಕಲಿಯಲು ಹಾಕಿದರು. ಎರಡು ವರ್ಷ ಥಾನು ಬಿಚ್ಚಿ, ಥಾನು ಸುತ್ತಿ, ರೋಸಿಹೋಗಿ 1883ರಲ್ಲಿ ಬಿಟ್ಟುಬಂದ. ಮುಂದೆ ವಿದ್ಯಾರ್ಥಿವೇತನ ಗಿಟ್ಟಿಸಿ ಲಂಡನ್ನಿನಲ್ಲಿ ಟಿ. ಎಚ್. ಹಕ್ಸ್ಲಿಯ ಬಳಿ ಜೀವಶಾಸ್ತ್ರ ಕಲಿತ. ಅವನ ಬರವಣಿಗೆಯ ಮಗ್ಗಕ್ಕೆ ಹಾಸು ಬಟ್ಟೆ ಅಂಗಡಿ, ಹೊಕ್ಕು ಜೀವಶಾಸ್ತ್ರ.

ಮೊದಲು ಕಾದಂಬರಿ ಹಿಡಿಯಬೇಡಿ. 'ದಿ ಟ್ರೂತ್ ಅಬೌಟ್ ಪೈಕ್ರಾಫ್ಟ್' ಎಂಬ ಸಣ್ಣಕಥೆ ಓದಿ, ಅರ್ಧ ಗಂಟೆಯ ಕೆಲಸ. ಪೈಕ್ರಾಫ್ಟ್ ಡೊಳ್ಳುಹೊಟ್ಟೆಯವನು. ನಾಚಿಕೆಗೆ 'ಬೊಜ್ಜು' ಅನ್ನದೆ ಸದಾ 'ತೂಕ, ತೂಕ' ಅನ್ನುತ್ತಾನೆ. ಕಥೆ ಹೇಳುವವನ ಮುತ್ತಜ್ಜಿ ಭಾರತದವಳು. ಅವಳ ಹಳೆಯ ಔಷಧದ ಚೀಟಿಯೊಂದನ್ನು ಪೈಕ್ರಾಫ್ಟ್ ಪಡೆದು, ಅದರಂತೆ ಮದ್ದು ಮಾಡಿ ಕುಡಿಯುತ್ತಾನೆ. ಮದ್ದು ಕೇಳಿದ್ದನ್ನೇ ಕೊಡುತ್ತದೆ: ತೂಕ ಪೂರ್ತಿ ಹೋಗುತ್ತದೆ, ಬೊಜ್ಜು ಹಾಗೇ ಇರುತ್ತದೆ. ಆಸಾಮಿ ಹೋಗಿ ಮಾಳಿಗೆಗೆ ಅಂಟಿಕೊಳ್ಳುತ್ತಾನೆ! ಆಮೇಲೆ ಒಳಉಡುಪಿಗೆ ಸೀಸದ ತಗಡು ಹೊಲಿಸಿಕೊಂಡು ಓಡಾಡಬೇಕಾಗುತ್ತದೆ. ವೆಲ್ಸ್‌ನ ಗುಟ್ಟು ಇಷ್ಟೇ, ಒಂದು ಕಥೆಗೆ ಒಂದೇ ಸುಳ್ಳು. ಮಿಕ್ಕಿದ್ದೆಲ್ಲ ನಿಮ್ಮ ಬೀದಿಯಲ್ಲಿ ನಡೆಯುವಂಥದ್ದು. 1933ರಲ್ಲಿ ತನ್ನ ಕಥೆಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ಅವನೇ ಇದನ್ನು ಬಿಡಿಸಿ ಹೇಳಿದ್ದಾನೆ. ಏನು ಬೇಕಾದರೂ ಆಗಬಹುದಾದ ಕಡೆ ಯಾವುದರಲ್ಲೂ ಸ್ವಾರಸ್ಯ ಉಳಿಯುವುದಿಲ್ಲ ಎಂಬುದು ಅವನ ವಾದ.

ಆಮೇಲೆ 'ದಿ ಟೈಮ್ ಮೆಷಿನ್', 1895ರದ್ದು. ತೆಳ್ಳಗಿನ ಪುಸ್ತಕ, ಎರಡು ಮಧ್ಯಾಹ್ನ ಸಾಕು. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಗಾನ ಮುಗಿಯಲಿ ಎಂದು ತುಸು ಕಾಯುವಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದುಹೋದದ್ದು ನಮಗೆ ಗೊತ್ತಿರುವ ಕಥೆ. ಆದ್ದರಿಂದ ಕಾಲ ಜಿಗಿಯುವುದು ನಮಗೇನೂ ಹೊಸದಲ್ಲ. ಹೊಸದು ಯಂತ್ರಕ್ಕೆ ಸೈಕಲ್ಲಿನ ಹಾಗೆ ಸೀಟು ಇರುವುದು, ಮತ್ತು 8,02,701ನೇ ಇಸವಿಗೆ ಹೋದವನ ಜೇಬಿನಲ್ಲಿ ಇರುವುದು ಬೆಂಕಿಕಡ್ಡಿ ಮಾತ್ರ. ಕ್ಯಾಮೆರಾ ತರಲಿಲ್ಲವಲ್ಲ ಎಂದು ಪರಿತಪಿಸುತ್ತಾನೆ. ಓದುವಾಗ ಕಡ್ಡಿಗಳ ಮೇಲೆ ಕಣ್ಣಿಡಿ. ಒಂದು ಹಂತದಲ್ಲಿ ನಾಲ್ಕೇ ಉಳಿದಿರುತ್ತವೆ, ಅವನು ಇಳಿಯುತ್ತಿರುವುದು ನೆಲದಡಿಯ ಕತ್ತಲಿಗೆ. ಅಲ್ಲಿ ಕತ್ತಲಲ್ಲೇ ದುಡಿದು ಬದುಕುವ ಮಾರ್ಲಾಕರು, ಮೇಲೆ ಬಿಸಿಲಿನಲ್ಲಿ ಏನೂ ಕೆಲಸ ಮಾಡದ ಸುಕುಮಾರ ಈಲಾಯ್‌ಗಳು. ಇದು ಎಲ್ಲಿಂದ ಬಂತು ಎಂದು ಹುಡುಕಲು ತುಂಬಾ ದೂರ ಹೋಗಬೇಕಿಲ್ಲ ಅನ್ನಿಸುತ್ತದೆ ನನಗೆ. ವೆಲ್ಸ್‌ನ ತಾಯಿ ಅಪ್‌ಪಾರ್ಕ್ ಎಂಬ ದೊಡ್ಡಮನೆಯಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದಳು. ಆ ಮನೆಯ ಆಳುಗಳು ಓಡಾಡಲು ನೆಲದಡಿ ಸುರಂಗಗಳಿದ್ದವು.

'ದಿ ಇನ್ವಿಸಿಬಲ್ ಮ್ಯಾನ್' (1897) ವಿಷಯದಲ್ಲಿ ನಾನು ಮೊದಲು ಮೋಸಹೋದೆ. ಶಾಲೆಯಲ್ಲಿ ಓದಿಸಿದ್ದು ಸಂಕ್ಷೇಪ, ಮೇಲಿಂದ 'ಗ್ರಿಫಿನ್‌ನ ಗುಣಸ್ವಭಾವ ವಿವರಿಸಿ' ಎಂಬ ಐದು ಅಂಕದ ಪ್ರಶ್ನೆ. ಪೂರ್ತಿ ಪುಸ್ತಕ ಓದಿದ್ದು ಮೂವತ್ತು ದಾಟಿದ ಮೇಲೆ. ನಮ್ಮ ಕಥೆಗಳಲ್ಲಿ ಅಂಜನ ಹಚ್ಚಿಕೊಂಡವನು ಮಾಯವಾದರೆ ಬಟ್ಟೆಯೂ ಮಾಯ. ಪಾಪ, ಗ್ರಿಫಿನ್‌ಗೆ ಆ ಭಾಗ್ಯವಿಲ್ಲ. ಜನವರಿಯ ಲಂಡನ್ನಿನಲ್ಲಿ ಬೆತ್ತಲೆ ನಡೆಯಬೇಕು. ಕಾಲಿಗೆ ಕೆಸರು ಮೆತ್ತಿದರೆ ಹೆಜ್ಜೆ ಕಾಣುತ್ತದೆ, ನಾಯಿ ಮೂಸುತ್ತದೆ, ಹಿಮ ಮೈಮೇಲೆ ಕೂತರೆ ಆಕಾರ ಮೂಡುತ್ತದೆ, ಉಂಡದ್ದು ಅರಗುವ ತನಕ ಹೊಟ್ಟೆಯಲ್ಲಿ ಎದ್ದು ಕಾಣುತ್ತದೆ. ಹೀಗೆ ಚಳಿಯಲ್ಲಿ ನಡುಗುತ್ತಾ ಅವನು ನುಗ್ಗುವುದು ಎಲ್ಲಿಗೆ? ದೊಡ್ಡದೊಂದು ಅಂಗಡಿಗೆ. ಆ ಅಧ್ಯಾಯವನ್ನು ನಿಧಾನ ಓದಿ. ಬಾಗಿಲು ಹಾಕುವ ಹೊತ್ತು. ಗಿರಾಕಿಗಳನ್ನು ಮೆಲ್ಲಗೆ ಹೊರಗೆ ಸಾಗಿಸುತ್ತಾರೆ, ನೇತುಹಾಕಿದ ಮಾಲು ಸರಸರನೆ ಇಳಿದು ಮಡಿಕೆಯಾಗಿ ಪೆಟ್ಟಿಗೆ ಸೇರುತ್ತದೆ, ಇಳಿಸಲಾಗದ್ದಕ್ಕೆ ಗೋಣಿಯಂಥ ಒರಟು ಬಟ್ಟೆ ಹೊದಿಸುತ್ತಾರೆ, ಕುರ್ಚಿಗಳು ತಲೆಕೆಳಗಾಗಿ ಕೌಂಟರ್ ಏರುತ್ತವೆ, ಹುಡುಗರು ಮರದ ಹೊಟ್ಟು ಚೆಲ್ಲಿ ಗುಡಿಸುತ್ತಾರೆ. ರಾತ್ರಿ ಒಂಬತ್ತಕ್ಕೆ ನಮ್ಮಲ್ಲೂ ಇದೇ, ಹೊಟ್ಟು ಒಂದು ಇಲ್ಲ. ಕೈಯಾರೆ ಷಟರ್ ಎಳೆದವನು ಮಾತ್ರ ಹೀಗೆ ಬರೆಯಬಲ್ಲ ಎಂದುಕೊಂಡು ಆ ದಿನ ಪುಸ್ತಕ ಮಡಚಿಟ್ಟೆ. ಅದೃಶ್ಯ ಮನುಷ್ಯನನ್ನು ನಾನು ನಂಬಿದ್ದೇ ಆ ಮಡಿಕೆಗಳಿಂದ.

ಮಂಗಳ ಗ್ರಹದವರು ಭೂಮಿಗೆ ಲಗ್ಗೆಯಿಡುವ 'ದಿ ವಾರ್ ಆಫ್ ದಿ ವರ್ಲ್ಡ್ಸ್' (1898) ಓದುವಾಗ ಫೋನಿನಲ್ಲಿ ನಕಾಶೆ ತೆರೆದಿಡಿ. ವೋಕಿಂಗ್ ಪಟ್ಟಣ, ಹಾರ್ಸೆಲ್ ಕಾಮನ್ ಬಯಲು, ವೇಬ್ರಿಜ್, ಶೆಪ್ಪರ್ಟನ್, ಕೊನೆಗೆ ಲಂಡನ್ನಿನ ಪ್ರಿಮ್‌ರೋಸ್ ಹಿಲ್, ಎಲ್ಲ ನಿಜವಾದ ಜಾಗಗಳು. ಆಗ ವೋಕಿಂಗಿನಲ್ಲಿ ಬಾಡಿಗೆಗಿದ್ದ ವೆಲ್ಸ್ ಸೈಕಲ್ ತುಳಿಯುತ್ತಾ ಮಂಗಳನವರು ಯಾವ ಬೀದಿ ಸುಡಬೇಕು ಎಂದು ಗುರುತು ಹಾಕಿಕೊಳ್ಳುತ್ತಿದ್ದನಂತೆ. ಆದರೆ ನಕಾಶೆಯ ಖುಷಿಯಲ್ಲಿ ಮೊದಲ ಅಧ್ಯಾಯ ಹಾರಿಸಬೇಡಿ. ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಯುರೋಪಿನಿಂದ ಹೋದವರು ಐವತ್ತು ವರ್ಷದಲ್ಲಿ ನಿರ್ನಾಮ ಮಾಡಿದರಲ್ಲ, ಮಂಗಳನವರು ಅದನ್ನೇ ನಮಗೆ ಮಾಡಿದರೆ ದೂರುವ ಮುಖ ಎಲ್ಲಿದೆ ಎಂಬರ್ಥದ ಮಾತು ಅಲ್ಲಿದೆ. ವಿಕ್ಟೋರಿಯಾ ರಾಣಿ ಇನ್ನೂ ಗದ್ದುಗೆಯ ಮೇಲಿದ್ದಾಗ ಬರೆದದ್ದು. ಮಕ್ಕಳಿಗೆಂದು ಮೊಟಕುಗೊಳಿಸಿದ ಪ್ರತಿಗಳಲ್ಲಿ ಇಂಥ ಸಾಲಿಗೇ ಮೊದಲು ಕತ್ತರಿ ಬೀಳುತ್ತದೆ, ಅದಕ್ಕೇ ಪೂರ್ತಿ ಪ್ರತಿ ಬೇಕು. ದುಡ್ಡಿನ ಚಿಂತೆಯಿಲ್ಲ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ, ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ 60 ವರ್ಷ ಎಂದೋ ಮುಗಿದಿದೆ. ಅಂತರ್ಜಾಲದ ಪುಸ್ತಕ ಭಂಡಾರ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು.

ನಡುವೆ ವಿಜ್ಞಾನವೇ ಇಲ್ಲದ ಒಂದು ಪುಸ್ತಕ ಓದಲೇಬೇಕು. ಬಟ್ಟೆ ಅಂಗಡಿ ಹುಡುಗನಿಗೆ ದಿಢೀರ್ ಆಸ್ತಿ ಬರುವ 'ಕಿಪ್ಸ್' (1905) ಆಗಬಹುದು. ನನಗೆ ಪ್ರಿಯವಾದದ್ದು 'ದಿ ಹಿಸ್ಟರಿ ಆಫ್ ಮಿಸ್ಟರ್ ಪಾಲಿ' (1910). ಸಾಲದಲ್ಲಿ ಮುಳುಗಿದ ಅಂಗಡಿಕಾರ, ವಿಮೆಯ ಹಣ ಹೆಂಡತಿಗೆ ಸಿಗಲಿ ಎಂದು ಅಂಗಡಿಗೆ ಬೆಂಕಿ ಹಚ್ಚಿ ತಾನೂ ಸಾಯಲು ಹೊರಡುತ್ತಾನೆ. ಬೆಂಕಿ ಬೀದಿಗೇ ಹಬ್ಬುತ್ತದೆ. ಸಾಯುವುದು ಮರೆತೇಹೋಗಿ, ಪಕ್ಕದ ಮನೆಯ ಮುದುಕಿಯನ್ನು ಉಳಿಸಿ ಊರಿಗೇ ವೀರನಾಗುತ್ತಾನೆ. ಮಾರ್ಚ್ ತಿಂಗಳ ಲೆಕ್ಕಪತ್ರ ಮುಗಿಸಿದ ರಾತ್ರಿ ಇದನ್ನು ಓದಿ ಒಬ್ಬನೇ ನಕ್ಕಿದ್ದೇನೆ.

ಅಣುಬಾಂಬಿನ 'ದಿ ವರ್ಲ್ಡ್ ಸೆಟ್ ಫ್ರೀ' (1914) ಕೊನೆಗಿರಲಿ. ಭೌತವಿಜ್ಞಾನಿ ಲಿಯೋ ಸಿಲಾರ್ಡ್ 1932ರಲ್ಲಿ ಇದನ್ನು ಓದಿದ್ದ, ಮರುವರ್ಷ ಲಂಡನ್ನಿನ ಬೀದಿಯಲ್ಲಿ ಅವನಿಗೆ ಅಣುಬಾಂಬಿಗೆ ಮೂಲವಾದ ಸರಪಳಿ ಕ್ರಿಯೆಯ ಯೋಚನೆ ಹೊಳೆಯಿತು. ಅಷ್ಟು ದೊಡ್ಡ ಇತಿಹಾಸವಿದ್ದರೂ ಕಾದಂಬರಿಯಾಗಿ ಸಪ್ಪೆ. ವೆಲ್ಸ್ ಕೌಂಟರ್ ಬಿಟ್ಟು ವೇದಿಕೆ ಹತ್ತಿದಾಗೆಲ್ಲ ಹೀಗೇ. ಒಟ್ಟು ನೂರರ ಆಸುಪಾಸು ಪುಸ್ತಕ ಬರೆದ, ಎಲ್ಲಾ ಓದುವ ಹಟ ಬೇಡ.

ಒಂದು ಕಥೆಯನ್ನು ಮಾತ್ರ ಓದುವುದಕ್ಕಿಂತ ಯಾರಿಗಾದರೂ ಹೇಳಿ ನೋಡಿ: 'ದಿ ಕಂಟ್ರಿ ಆಫ್ ದಿ ಬ್ಲೈಂಡ್'. ಪೀಳಿಗೆಗಳಿಂದ ಎಲ್ಲರೂ ಕುರುಡರಾಗಿರುವ ಕಣಿವೆಗೆ ಕಣ್ಣಿರುವವನು ಬಂದು ಬೀಳುತ್ತಾನೆ. ರಾಜನಾಗಬಹುದೆಂದುಕೊಂಡವನನ್ನು ಅವರು ಬುದ್ಧಿಭ್ರಮಣೆಯವನೆಂದು ತಿಳಿದು, ಕಣ್ಣು ತೆಗೆಯಲು ಹೊರಡುತ್ತಾರೆ. 1904ರ ಮೊದಲ ರೂಪದಲ್ಲಿ ಅವನು ಬೆಟ್ಟ ಹತ್ತಿ, ನಕ್ಷತ್ರಗಳ ಕೆಳಗೆ ಸುಮ್ಮನೆ ಮಲಗುತ್ತಾನೆ. 1939ರಲ್ಲಿ ವೆಲ್ಸ್ ಅಂತ್ಯ ಬದಲಿಸಿದ. ಅದರಲ್ಲಿ ಬೆಟ್ಟ ಕುಸಿಯುತ್ತದೆ, ಅವನು ಪ್ರೀತಿಸಿದವಳೊಡನೆ ಪಾರಾಗುತ್ತಾನೆ. ಹೊರಲೋಕಕ್ಕೆ ಬಂದ ಮೇಲೂ ಅವಳಿಗೆ ಕಣ್ಣು ಬೇಡ.

ನಮ್ಮ ಅಂಗಡಿಯ ಹಳೆಯ ಗುಮಾಸ್ತರಿಗೆ ಎರಡು ಅಂತ್ಯವನ್ನೂ ಹೇಳಿದ್ದೆ. ಆ ಹೊತ್ತಿಗೆ ಕರೆಂಟು ಹೋಗಿತ್ತು. ಅವರು ಕತ್ತಲಲ್ಲೇ ಎರಡು ಬೆರಳಿನ ನಡುವೆ ಸೀರೆಯ ಅಂಚು ಉಜ್ಜುತ್ತಾ 'ಇದು ಅರವತ್ತರ ನಯ ನೂಲಲ್ಲ, ವಾಪಸ್ ಕಳಿಸು' ಎಂದರು. ತುಸು ಹೊತ್ತು ಬಿಟ್ಟು, 'ಆ ಹುಡುಗಿ ಹೇಳಿದ್ದು ಸರಿ' ಎಂದರು.